ಶಶಿಕಲಾ ಕಟ್ಟಿದ ಈಸಲು

ಸೇಲಂನ ಅಮ್ಮಾಪೇಟೆಯ ನೇಕಾರರ ಬೀದಿಯಲ್ಲಿ ಶಶಿಕಲಾಳ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದು ಅವಳ ನಗು. ಹೊತ್ತುಗೊತ್ತು ನೋಡಿ ಬರುವ ನಗು ಅದಲ್ಲ. ತಾಳಿ ಕಟ್ಟುವ ಗಳಿಗೆಯಲ್ಲಿ ಬಂದಿದೆ, ಬ್ಯಾಂಕಿನ ಸಾಲಿನಲ್ಲಿ ಬಂದಿದೆ, ಹಲ್ಲಿನ ಡಾಕ್ಟರು ಬಾಯೊಳಗೆ ಕೈಯಿಟ್ಟಿದ್ದಾಗಲೂ ಬಂದಿದೆ. ವಯಸ್ಸು ಐವತ್ತೊಂದಾದರೂ ಅದಕ್ಕೆ ಬುದ್ಧಿ ಬಂದಿಲ್ಲ. ಇಂಥ ಹೆಂಗಸು ಎರಡು ವರ್ಷದಲ್ಲಿ ಮೀನು ಹಿಡಿಯುವುದನ್ನು ಕಲಿತಳು ಎಂಬುದು ಬೀದಿಗೆ ದೊಡ್ಡ ಸುದ್ದಿಯಾಯಿತು. ಏಕೆಂದರೆ ಅವಳ ಮನೆಯ ಹೊಸ್ತಿಲನ್ನು ಇಂದಿನವರೆಗೆ ಒಂದು ಮೊಟ್ಟೆ ಕೂಡ ದಾಟಿಲ್ಲ.

ಮನೆಮಾತು ಕನ್ನಡ. ಮನೆಯಲ್ಲಿ ಮೂರೇ ಜನ: ಶಶಿಕಲಾ, ಗಂಡ ಗಿರಿ, ಅತ್ತೆ ಮುನಿವೆಂಕಟಮ್ಮ. ಮುಂದಿನ ಕೋಣೆಯಲ್ಲಿ ಎರಡು ಕುಣಿ ಮಗ್ಗ. ಒಂದರಲ್ಲಿ ಗಂಡ, ಒಂದರಲ್ಲಿ ಹೆಂಡತಿ ಕೂತು ರೇಷ್ಮೆ ಪಂಚೆ ನೇಯುತ್ತಾರೆ. ಗಿರಿ ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಅವನು ಉಳಿಸಿದ ಮಾತುಗಳನ್ನೆಲ್ಲ ಎಪ್ಪತ್ತಾರು ವರ್ಷದ ಮುನಿವೆಂಕಟಮ್ಮ ಆಡಿ ಮುಗಿಸುತ್ತಾರೆ.

ಎಲ್ಲ ಶುರುವಾದದ್ದು ಶಶಿಕಲಾಳ ತಂಗಿ ಮಾಲತಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ. ಮಾಲತಿ ಇರುವುದು ಮೆಟ್ಟೂರಿನಲ್ಲಿ. ಗಂಡನಿಗೆ ಅಲ್ಲಿನ ಕರೆಂಟು ಸ್ಟೇಷನ್ನಿನಲ್ಲಿ ಶಿಫ್ಟ್ ಕೆಲಸ. ಅಡುಗೆಗೆ ಕೈಯಾಗಲೆಂದು ಶಶಿಕಲಾ ಮೂರು ವಾರ ಹೋಗಿ ನಿಂತಳು. ಬೆಳಗಿನ ಇಡ್ಲಿ ಮುಗಿದ ಮೇಲೆ ಮಧ್ಯಾಹ್ನದ ಅನ್ನಕ್ಕೆ ಇಡುವ ತನಕ ಕೆಲಸವಿಲ್ಲ. ಮಗ್ಗವಿಲ್ಲದ ಕೈ ಸುಮ್ಮನಿರುವುದಿಲ್ಲ, ಕಾಲೂ ಸುಮ್ಮನಿರುವುದಿಲ್ಲ. ಅವಳು ಹೊಳೆಯ ಪಕ್ಕದ ರಸ್ತೆಯಲ್ಲಿ ನಡೆಯತೊಡಗಿದಳು.

ಅಣೆಕಟ್ಟಿನಿಂದ ಒಂದೆರಡು ಮೈಲಿ ಕೆಳಗೆ, ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ಕಡೆ, ಮೊಣಕಾಲುದ್ದ ನೀರಿನಲ್ಲಿ ಒಬ್ಬ ಮುದುಕರು ನಿಂತಿದ್ದರು. ಕೈಯಲ್ಲಿ ಬಳುಕುವ ಕೋಲು. ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದರು. ಕಾಗೆ ಓಡಿಸುತ್ತಿರಬೇಕು ಎಂದುಕೊಂಡು ಶಶಿಕಲಾ ಹತ್ತಿರ ಹೋದಳು. ಆಗ ದಾರ ಕಂಡಿತು. ಹುಟ್ಟಿದಾಗಿನಿಂದ ದಾರ ನೋಡಿದವಳು ಅವಳು, ಆದರೆ ದಾರ ಗಾಳಿಯಲ್ಲಿ ಹೀಗೆ ಸುರುಳಿ ಬಿಚ್ಚುತ್ತಾ ಹೋಗಿ, ಒಂದು ಹನಿ ಕೂಡ ಎಬ್ಬಿಸದೆ ನೀರಿನ ಮೇಲೆ ಮಲಗುವುದನ್ನು ಕಂಡಿರಲಿಲ್ಲ.

"ಹುಳಾನೇ ಹಾಕಿಲ್ಲ. ಮೀನಿಗೇನು ಪೈತ್ಯಾನಾ ಬಂದು ಕಚ್ಚಾಕೆ?" ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡದ್ದು ಸ್ವಲ್ಪ ಜೋರಾಗಿಯೇ ಹೊರಬಿತ್ತು.

ಮುದುಕರು ತಿರುಗಿದರು. "ಕನ್ನಡದವರಾ? ನಂಗೂ ಅರೆಕೊರೆ ಬರುತ್ತಮ್ಮಾ. ಡ್ಯೂಟಿಯಲ್ಲಿ ಜೊತೆಯಲ್ಲಿದ್ದವರೆಲ್ಲ ನಿಮ್ಮವರೇ." ಅವರ ಹೆಸರು ಲಕ್ಷ್ಮಣನ್. ವಿದ್ಯುತ್ ಮಂಡಳಿಯಲ್ಲಿದ್ದು ನಿವೃತ್ತರಾದವರು. ನೀಲಗಿರಿಯ ಪವರ್ ಹೌಸಿನಲ್ಲಿ ಹನ್ನೆರಡು ವರ್ಷ ಕಳೆದಾಗ ಅಲ್ಲಿನ ತಣ್ಣೀರಿನ ಮೀನುಗಳನ್ನು ಹಿಡಿಯುವ ಈ ವಿದ್ಯೆ ಕಲಿತಿದ್ದರು. ಅವರು ದಾರದ ತುದಿಯನ್ನು ಎಳೆದು ಅಂಗೈ ಮೇಲಿಟ್ಟು ತೋರಿಸಿದರು. ಜೋಳದ ಕಾಳಿನಷ್ಟು ಸಣ್ಣ ಗಾಳಕ್ಕೆ ಗರಿ, ನೂಲು ಸುತ್ತಿ ಏನೋ ಒಂದು ಮಾಡಿತ್ತು.

"ಇದು ಈ," ಎಂದರು.

"ಈ... ಏನು?"

"ಈ, ಅಷ್ಟೇ."

"ಅದೇ ಅಣ್ಣಾ, ಈ ಅಂದ್ರೆ ಯಾವುದು?"

"ತಮಿಳು ಈ ಮಾ! ನೊಣ, ನೊಣ!"

ಶಶಿಕಲಾ ಬಂಡೆಯ ಮೇಲೆ ಕುಕ್ಕರಿಸಿ ನಕ್ಕಳು. ಎರಡು ಭಾಷೆಯನ್ನೂ ನೀರು ಕುಡಿದಂತೆ ಆಡುವ ತಾನು ಹೀಗೆ ಸಿಕ್ಕಿಬಿದ್ದೆನಲ್ಲ ಎಂದು ಮತ್ತೂ ನಕ್ಕಳು. ಅಷ್ಟರಲ್ಲಿ ಲಕ್ಷ್ಮಣನ್ ಇನ್ನೊಮ್ಮೆ ಬೀಸಿದರು, ನೀರು ಪುಳಕ್ಕೆಂದಿತು, ಅಂಗೈಯಗಲದ ಜಿಲೇಬಿ ಮೀನೊಂದು ಮೇಲೆ ಬಂತು. ಅವರು ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ಮೀನನ್ನು ಹಾಗೆಯೇ ನೀರಿಗೆ ಜಾರಿಸಿಬಿಟ್ಟರು.

"ಬಿಟ್ಟೇ ಬಿಟ್ರಾ?"

"ತಿನ್ನೋಕಲ್ಲಮ್ಮಾ ಹಿಡಿಯೋದು. ಸುಮ್ನೆ ಹೆಂಗಿದೀಯಾ ಅಂತ ಕೇಳಿ ಕಳಿಸೋದು."

ಈ ಮಾತು ಶಶಿಕಲಾಳಿಗೆ ಎಷ್ಟು ಹಿಡಿಸಿತೆಂದರೆ ಅವಳು ಚಪ್ಪಲಿ ಬಿಟ್ಟು ಸೀದಾ ನೀರಿಗಿಳಿದಳು. "ಅಣ್ಣಾ, ನಂಗೂ ಬತ್ತದಾ ಇದು?"

ಲಕ್ಷ್ಮಣನ್ ಕೋಲು ಕೊಟ್ಟರು. ಅವಳು ಬೀಸಿದಳು. ಗಾಳ ಅವಳ ತುರುಬಿಗೇ ಸಿಕ್ಕಿತು. ಪುಣ್ಯಕ್ಕೆ ಅದರ ತುದಿಯಲ್ಲಿ ಹಿಮ್ಮುಳ್ಳು ಇರಲಿಲ್ಲ; ಮೀನಿಗೆ ನೋವಾಗದಿರಲೆಂದು ಅವರು ಮುಳ್ಳನ್ನು ಚಪ್ಪಟೆ ಮಾಡಿಬಿಡುತ್ತಿದ್ದರು. ನಾಲ್ಕು ಕೂದಲನ್ನಷ್ಟೇ ಕಿತ್ತುಕೊಂಡು ಗಾಳ ಹೊರಬಂತು.

ಆ ಮೂರು ವಾರದಲ್ಲಿ ಅವಳಿಗೆ ಮೀನೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತು. ಬೇವಿನ ಕೊಂಬೆ ಸಿಕ್ಕಿತು, ನಿಲ್ಲಿಸಿದ್ದ ಬೈಕಿನ ಕನ್ನಡಿ ಸಿಕ್ಕಿತು, ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಯ ಕೊಂಬು ಸಿಕ್ಕಿತು, ಎರಡು ಸಲ ಲಕ್ಷ್ಮಣನ್ ಅವರ ಟೋಪಿ ಸಿಕ್ಕಿತು. ಎಮ್ಮೆ ಮಾತ್ರ ಏನೂ ಆಗದಂತೆ ಮೆಲುಕು ಹಾಕುತ್ತಾ ನಿಂತಿತ್ತು. ತಪ್ಪು ಎಲ್ಲಿದೆ ಎಂದು ಲಕ್ಷ್ಮಣನ್ ಮೊದಲ ದಿನವೇ ಹೇಳಿದ್ದರು: "ಹಿಂದಕ್ಕೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳೋ ತನಕ ನಿಲ್ಲಬೇಕು. ಆಮೇಲೆ ಮುಂದಕ್ಕೆ. ಪೊರುಮೈ ಮಾ, ಪೊರುಮೈ." ತಾಳ್ಮೆ ಎಂದರೆ ಶಶಿಕಲಾಳ ಕೈಗೆ ತಿಳಿಯದು. ಮೂವತ್ತು ವರ್ಷ ಮಗ್ಗದಲ್ಲಿ ಲಾಳಿ ಓಡಿಸಿದ ಕೈ ಅದು. ಅತ್ತ ಹೋದ ಲಾಳಿ ಮರುಕ್ಷಣ ಇತ್ತ ಬರಲೇಬೇಕು. ನಡುವೆ ನಿಲ್ಲುವುದೆಂದರೆ ಆ ಕೈಗೆ ಸೋಮಾರಿತನ.

ಮಾಲತಿ ಗೋಡೆ ಹಿಡಿದು ನಡೆಯುವಂತಾದಳು. ಹೊರಡುವ ದಿನ ಲಕ್ಷ್ಮಣನ್ ತಮ್ಮ ಹಳೆಯ ಕೋಲನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೊಟ್ಟರು. "ನೀರು ಬೇಕಾಗಿಲ್ಲ, ಮಾಳಿಗೆ ಸಾಕು. ಗಾಳದ ಬದಲು ನೂಲಿನ ಕುಚ್ಚು ಕಟ್ಟಿ ಬೀಸು. ದಿನಕ್ಕೆ ಅರ್ಧ ಗಂಟೆ."

ಮಾಳಿಗೆಯ ಮೇಲೆ ಶಶಿಕಲಾ ಸ್ಟೀಲಿನ ತಟ್ಟೆಯೊಂದನ್ನು ಇಟ್ಟಳು; ಮೂವತ್ತು ಅಡಿ ದೂರದಿಂದ ಕುಚ್ಚು ಅದರೊಳಗೆ ಬೀಳಬೇಕು. ಮೊದಲ ಸಂಜೆ ಅದು ಪಕ್ಕದ ಮನೆಯ ಮಾರಿಯಮ್ಮ ಒಣಗಲು ಹಾಕಿದ್ದ ವಡಗದ, ಅಂದರೆ ಸಂಡಿಗೆಯ, ಮೇಲೆ ಹೋಗಿ ಕೂತಿತು. ಎಳೆದಾಗ ಕುಚ್ಚಿನ ಜೊತೆ ಮೂರು ವಡಗವೂ ಹಾರಿ ಬಂದವು. "ಎನ್ನಡೀ ಇದು!" ಎಂದು ಮಾರಿಯಮ್ಮ ಕೂಗಿದಳು. ಕೆಳಗಿದ್ದ ಮುನಿವೆಂಕಟಮ್ಮ ಗದ್ದಲ ಕೇಳಿ ಮೆಟ್ಟಿಲು ಹತ್ತಿ ಬಂದರು. ಸೊಸೆ ಹೆದರಿಕೊಂಡೇ ವಿಷಯ ಹೇಳಿದಳು. ಅತ್ತೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಮೀನನ್ನ ಮನೆಗೆ ತರಾಕಿಲ್ವಲ್ಲಾ?"

"ಇಲ್ಲ ಅತ್ತೆ. ಹಿಡಿದು ಬಿಟ್ಟುಬಿಡಾದು."

"ಅಂಗಾದ್ರೆ ಒಂದು ಕುರ್ಚಿ ತಂದಾಕು. ನಾನೂ ನೋಡ್ತೀನಿ."

ಮರುದಿನದಿಂದ ಮುನಿವೆಂಕಟಮ್ಮ ಅಂಪೈರ್. ಟೀವಿಯಲ್ಲಿ ಕ್ರಿಕೆಟ್ ನೋಡಿ ಕಲಿತದ್ದೆಲ್ಲ ಈಗ ಉಪಯೋಗಕ್ಕೆ ಬಂತು. ಕುಚ್ಚು ತಟ್ಟೆ ಬಿಟ್ಟು ಆಚೆ ಬಿದ್ದರೆ ಎರಡೂ ಕೈ ಚಾಚಿ "ವೈಡು!" ಎನ್ನುತ್ತಿದ್ದರು. ಗೋಡೆ ದಾಟಿ ಬೀದಿಗೆ ಬಿದ್ದರೆ "ಸಿಕ್ಸು!" ಮಾರಿಯಮ್ಮ ವಡಗದ ಚಾಪೆಯನ್ನು ಇನ್ನೊಂದು ಮೂಲೆಗೆ ಎಳೆದುಕೊಂಡಳು, ಆದರೆ ಸಂಜೆ ಐದಕ್ಕೆ ತಪ್ಪದೆ ತಾನೂ ಬಂದು ನಿಲ್ಲುತ್ತಿದ್ದಳು.

ಗಿರಿ ಮಾತ್ರ ತುಟಿ ಬಿಚ್ಚಲಿಲ್ಲ. ಟೀ ಅಂಗಡಿಯಲ್ಲಿ ಯಾರೋ "ಏನಪ್ಪಾ, ನಿನ್ ಎಂಡ್ರು ಮಾಳಿಗೆ ಮ್ಯಾಲೆ ಮೀನು ಇಡೀತಾಳಂತೆ?" ಎಂದು ಕೇಳಿದ್ದರು. ಅವನಿಗೆ ನಾಚಿಕೆಯಾಗಿದೆ ಎಂದು ಶಶಿಕಲಾ ತಿಳಿದಳು. ಆದರೂ ಬಿಡಲಿಲ್ಲ. ಎರಡು ತಿಂಗಳಾದರೂ ಹತ್ತಕ್ಕೆ ಒಂದು ಸಲ ತಟ್ಟೆಗೆ ಬಿದ್ದರೆ ಅದೇ ದೊಡ್ಡದು. ಒಂದು ಸಂಜೆ ಅವಳಿಗೇ ಬೇಜಾರಾಗಿ ಕೋಲನ್ನು ಚೀಲಕ್ಕೆ ಸೇರಿಸುತ್ತಿದ್ದಾಗ ಗಿರಿ ಮೇಲೆ ಬಂದ. ಕೈಯಲ್ಲಿ ಪಂಚೆಯ ಅಂಚಿನ ಒಂದು ಪಟ್ಟಿ ಇತ್ತು.

"ಕೈ ಕೊಡು," ಎಂದ.

ಕೋಲಿನ ಹಿಡಿಯ ತುದಿಯನ್ನು ಅವಳ ಮುಂಗೈಗೆ ಒತ್ತಿ ಹಿಡಿದು, ಪಟ್ಟಿಯಿಂದ ಎರಡನ್ನೂ ಸೇರಿಸಿ ಬಿಗಿಯಾಗಿ ಕಟ್ಟಿದ. "ನೀನು ಮಣಿಕಟ್ಟು ಬಗ್ಗಿಸ್ತೀಯ. ಲಾಳಿ ಹೊಡೆಯೋವಾಗ ಅದು ಸರಿ. ಇಲ್ಲಿ ಮೊಣಕೈ ಆಡಬೇಕು, ಮಣಿಕಟ್ಟು ಆಡಬಾರ್ದು. ಒಂದು ವಾರದಿಂದ ಮೆಟ್ಲಾಗೆ ನಿಂತ್ಕಂಡು ನೋಡ್ತಾ ಇದೀನಿ."

ಅದು ಗಿರಿಯ ಒಂದು ದಿನದ ಮಾತು ಪೂರ್ತಿ. ಶಶಿಕಲಾ ಬೀಸಿದಳು. ಮಣಿಕಟ್ಟು ಅಲುಗಲಿಲ್ಲ. ದಾರ ಹಿಂದೆ ಹೋಗಿ ಬಿಚ್ಚಿಕೊಂಡ ಸಣ್ಣ ಎಳೆತ ಮೊಟ್ಟಮೊದಲ ಸಲ ಅವಳ ಅಂಗೈಗೆ ತಿಳಿಯಿತು. ಮುಂದಕ್ಕೆ ಬಿಟ್ಟಳು. ಕುಚ್ಚು ತಟ್ಟೆಯ ನಡುಮಧ್ಯೆ ಸದ್ದಿಲ್ಲದೆ ಕೂತಿತು. ಮುನಿವೆಂಕಟಮ್ಮ ಕುರ್ಚಿಯಿಂದ ಎದ್ದು ಬೆರಳೆತ್ತಿ "ಔಟು!" ಎಂದು ಕೂಗಿದ್ದು ಬೀದಿಯ ಕೊನೆಯ ಮಗ್ಗಕ್ಕೂ ಕೇಳಿಸಿತಂತೆ.

ಆಮೇಲೆ ಹದಿನೈದು ದಿನಕ್ಕೊಂದು ಭಾನುವಾರ ಶಶಿಕಲಾ ಬೆಳಗಿನ ಬಸ್ಸು ಹಿಡಿದು ಓಮಲೂರು ದಾಟಿ ಮೆಟ್ಟೂರಿಗೆ ಹೋಗತೊಡಗಿದಳು. ಬೀಸುವುದು ಬಂದಿತ್ತು, ನೀರು ಓದುವುದು ಬಂದಿರಲಿಲ್ಲ. ಲಕ್ಷ್ಮಣನ್ ಒಂದು ಇಡೀ ಬೆಳಿಗ್ಗೆ ಕೋಲು ಮುಟ್ಟಲು ಬಿಡದೆ ಬಂಡೆಯ ಮೇಲೆ ಕೂರಿಸಿದರು. ಹರಿವು ಎಲ್ಲಿ ಓಡುತ್ತದೆ, ಎಲ್ಲಿ ತಡೆದು ತಿರುಗುತ್ತದೆ, ಮೇಲಿನಿಂದ ಬಿದ್ದ ಹೂವು, ಇರುವೆ ತೇಲಿ ಎಲ್ಲಿಗೆ ಬರುತ್ತವೆ ಎಂದು ನೋಡಿಸಿದರು. ಮೀನು ಕಾಯುವುದು ಅಲ್ಲೇ. ಮೂರನೇ ಭಾನುವಾರ ಅವಳು ಅಂಥದೇ ಒಂದು ಸುಳಿಯ ಅಂಚಿಗೆ ‘ಈ’ಯನ್ನು ಇಳಿಸಿದಳು. ನೀರಿನ ಮೇಲೆ ಒಂದು ಬಾಯಿ ತೆರೆದು ಮುಚ್ಚಿಕೊಂಡಿತು. ಕೋಲು ಎತ್ತಿದಳು. ಕೋಲು ಬಾಗಿ ನಡುಗಿತು.

ಅವಳು ಹಾಕಿದ ಕೂಗಿಗೆ ರಸ್ತೆಯ ಮೇಲೆ ಹೋಗುತ್ತಿದ್ದ ಟೌನ್ ಬಸ್ಸು ಕಿರ್ರೆಂದು ನಿಂತಿತು. ಯಾರೋ ಹೊಳೆಗೆ ಬಿದ್ದರೆಂದುಕೊಂಡು ಡ್ರೈವರು ಇಳಿದು ಓಡಿಬಂದ. ಕಿಟಕಿಗಳಲ್ಲೆಲ್ಲ ತಲೆಗಳು. ಶಶಿಕಲಾ ಗೇಣುದ್ದದ ಗೆಂಡೆ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ನಿಂತಿದ್ದಳು. ಬದುಕಿನಲ್ಲಿ ಮೊದಲ ಸಲ ಮೀನು ಮುಟ್ಟಿದ್ದಳು. ಅದರ ಎದೆ ಬೆರಳಿನ ಕೆಳಗೆ ಡಬಡಬ ಎನ್ನುತ್ತಿತ್ತೋ, ತನ್ನ ಎದೆಯೇ ಬೆರಳಿಗೆ ಇಳಿದಿತ್ತೋ ತಿಳಿಯಲಿಲ್ಲ.

"ಎವ್ವಳವು ಎಡೈ, ಅಕ್ಕಾ?" ಎಂದು ಕಂಡಕ್ಟರು ಬಾಗಿಲಿನಿಂದಲೇ ತೂಕ ಕೇಳಿದ.

ಶಶಿಕಲಾ ಬಗ್ಗಿ ಮೀನನ್ನು ನೀರಿಗೆ ಬಿಟ್ಟಳು.

"ಅಯ್ಯಯ್ಯೋ!" ಎಂದು ಇಡೀ ಬಸ್ಸು ಒಂದೇ ಸ್ವರದಲ್ಲಿ ನರಳಿತು. ಹಿಂದಿನ ಸೀಟಿನ ಒಬ್ಬಾಕೆಯಂತೂ ಮಸಾಲೆ ಅರೆದಿಟ್ಟು ಬಂದವಳಂತೆ ತಲೆ ಚಚ್ಚಿಕೊಂಡಳು. ಶಶಿಕಲಾಳಿಗೆ ನಗು ಹತ್ತಿದ್ದು ಆಗ. ಲಕ್ಷ್ಮಣನ್‌ಗೂ ಹತ್ತಿತು. ಡ್ರೈವರು ಇಬ್ಬರನ್ನೂ ನೋಡಿ, ಏನೂ ಅರ್ಥವಾಗದೆ, ತಾನೂ ನಗುತ್ತಲೇ ಹೋಗಿ ಬಸ್ಸು ಹತ್ತಿದ.

ಎರಡನೆಯ ವರ್ಷ ಅವಳು ‘ಈ’ ಕಟ್ಟುವುದಕ್ಕೆ ಕೈ ಹಾಕಿದಳು. ನೂಲು ಸುತ್ತುವುದು, ಗಂಟು ಹಾಕುವುದು ತನಗೆ ಯಾರು ಹೇಳಿಕೊಡಬೇಕು ಎಂಬ ಜಂಬ ಅವಳಿಗಿತ್ತು. ಮೊದಲನೆಯದನ್ನು ಚೆಂದವಾಗಿರಲೆಂದು ಜರಿ ಸುತ್ತಿ ಕಟ್ಟಿದಳು. ಲಕ್ಷ್ಮಣನ್ ಅದನ್ನು ಎತ್ತಿ ಬಿಸಿಲಿಗೆ ಹಿಡಿದು, "ಇದು ಮದುವೆಗೆ ಹೊರಟ ನೊಣ," ಎಂದರು. ಮೀನುಗಳು ಹತ್ತಿರ ಬಂದು ನೋಡಿ, ಮರ್ಯಾದೆಯಿಂದ ದಾರಿ ಬಿಟ್ಟು ಹೋದವು.

ಅವಳ ಮನಸ್ಸಿದ್ದದ್ದು ಈಸಲಿನ ಮೇಲೆ. ಮಳೆ ಬಿದ್ದ ಮಾರನೆಯ ದಿನ ಹುತ್ತಗಳಿಂದ ರೆಕ್ಕೆ ಕಟ್ಟಿಕೊಂಡು ಹೊಗೆಯಂತೆ ಏಳುವ ಗೆದ್ದಲು ಹುಳ ಅದು. ಅವು ಹೊಳೆಗೆ ಬಿದ್ದ ದಿನ ಮೀನುಗಳಿಗೆ ಹಬ್ಬ ಎಂದು ಲಕ್ಷ್ಮಣನ್ ಹೇಳಿದ್ದರು. ಶಶಿಕಲಾ ಕಂದು ರೇಷ್ಮೆಯಿಂದ ಮೈ ಕಟ್ಟಿದಳು. ರೆಕ್ಕೆಗೆ ಪಂಚೆ ಸುತ್ತಿ ಕೊಡುವ ಪ್ಲಾಸ್ಟಿಕ್ ಕವರನ್ನು ಕತ್ತರಿಸಿ ಹಾಕಿದಳು. ಬೀಸಿದಾಗ ಅದು ಗಿರಗಿರನೆ ತಿರುಗಿ ದಾರವನ್ನೆಲ್ಲ ಹಗ್ಗದಂತೆ ಹೊಸೆದುಬಿಟ್ಟಿತು. ಪ್ಲಾಸ್ಟಿಕ್ ಬಿಟ್ಟು ಬಿಳಿ ರೇಷ್ಮೆಯ ಎಳೆಗಳನ್ನು ಸೂಜಿಯಿಂದ ಬಾಚಿ ಚಪ್ಪಟೆ ಮಾಡಿ, ಮಗ್ಗದ ಹಾಸುನೂಲಿಗೆ ಹಾಕುವ ಗಂಜಿಯನ್ನೇ ಸವರಿ ಗಟ್ಟಿ ಮಾಡಿದಳು. ಮನೆಯಲ್ಲಿ ಅದು ಹಾರಿಹೋಗುವಂತೆ ಕಾಣುತ್ತಿತ್ತು. ಹೊಳೆಯಲ್ಲಿ ಗಂಜಿ ಕರಗಿ ಒದ್ದೆ ಬತ್ತಿಯಾಯಿತು.

"ನೀರಿಗೆ ಗಂಜಿ ನಿಲ್ತದಾ? ಬುದ್ಧಿ ಬ್ಯಾಡ್ವಾ ನಿಂಗೆ?" ಎಂದು ಮುನಿವೆಂಕಟಮ್ಮ ಬೈದರು. ಬೈಯುತ್ತಲೇ ದೇವರ ಮನೆಯಿಂದ ಮೇಣದ ಬತ್ತಿಯ ತುಂಡು ತಂದುಕೊಟ್ಟರು. "ಇದನ್ನ ಉಜ್ಜಿ ನೋಡು."

ಉಜ್ಜಿದಳು. ಬಕೆಟ್ಟಿನ ನೀರಿನಲ್ಲಿ ಬಿಟ್ಟರು. ಹುಳ ಮುಳುಗಲಿಲ್ಲ. ಅತ್ತೆ ಬೆರಳಿನಿಂದ ಅದುಮಿದರೂ ಪುಟಕ್ಕನೆ ಮೇಲೆದ್ದು ರೆಕ್ಕೆ ಹರಡಿ ಕೂತಿತು. ಗಿರಿ ಮಗ್ಗದಿಂದ ಎದ್ದು ಬಂದು ನೋಡಿದ. ಮೂರು ಜನವೂ ಬಕೆಟ್ಟಿನ ಸುತ್ತ ಕೂತು ಅರ್ಧ ಗಂಟೆ ಅದನ್ನು ಅದುಮುತ್ತಾ ಬಿಡುತ್ತಾ ಕಳೆದರು.

ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳಲ್ಲಿ ಒಂದು ಶನಿವಾರ ಸಂಜೆ ಜೋರು ಮಳೆ ಬಂತು. ಲಕ್ಷ್ಮಣನ್ ಫೋನ್ ಮಾಡಿದರು: "ಇಲ್ಲೂ ಮಳೆ ಮಾ. ನಾಳೆ ಮೊದಲ ಬಸ್ಸಿಗೆ ಬಾ." ಭಾನುವಾರ ಬೆಳಿಗ್ಗೆ ಶಶಿಕಲಾ ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಲ್ಲಿ ಗಿರಿ ಒಗೆದ ಪಂಚೆ ಉಟ್ಟು ನಿಂತಿದ್ದ, ಅವನ ಹಿಂದೆ ಚಿತ್ರಾನ್ನದ ಡಬ್ಬಿ ಹಿಡಿದು ಮುನಿವೆಂಕಟಮ್ಮ.

ಹೊಳೆಯ ಮೇಲೆ ಗಾಳಿಯೇ ಮಿನುಗುತ್ತಿತ್ತು. ಸಾವಿರಾರು ಈಸಲು ಎದ್ದು, ತೂರಾಡಿ, ನೀರಿಗೆ ಬೀಳುತ್ತಿದ್ದವು. ಎಲ್ಲಿ ನೋಡಿದರೂ ಪುಳಕ್, ಪುಳಕ್. ಲಕ್ಷ್ಮಣನ್ ಶಶಿಕಲಾ ಕಟ್ಟಿದ ಹುಳವನ್ನು ಅಂಗೈ ಮೇಲಿಟ್ಟುಕೊಂಡರು. ಪಕ್ಕದಲ್ಲೇ ನಿಜವಾದದ್ದೊಂದು ಬಂದು ಕೂತಿತು. ಅವರು ಕನ್ನಡಕ ಸರಿಮಾಡಿಕೊಂಡು, ನಕಲಿಯನ್ನು ಅಲ್ಲೇ ಬಿಟ್ಟು ನಿಜವಾದದ್ದನ್ನು ಅವಳಿಗೆ ಕೊಡಲು ಹೋದರು.

ಅವಳು ಸಾಲುಬಂಡೆಗಳ ಆಚೆಯ ಕಪ್ಪು ನೀರಿಗೆ ಬೀಸಿದಳು. ದಾರ ಹಿಂದಕ್ಕೆ ಹೋದಾಗ ನಿಂತಳು, ಎಳೆತ ತಿಳಿಯಿತು, ಮುಂದೆ ಬಿಟ್ಟಳು. ನಲವತ್ತು ಅಡಿ ದೂರದಲ್ಲಿ ಹುಳ ಇಳಿಯಿತು. ಅದರ ಕೆಳಗೆ ನೀರು ಉಬ್ಬಿತು, ಹುಳ ಮಾಯವಾಯಿತು. ಕೋಲು ಎತ್ತಿದ್ದಷ್ಟೇ, ಕೋಲಿನ ಬುಡದಲ್ಲಿದ್ದ ದಾರದ ರೀಲು ಕಿರುಚಿಕೊಂಡು ದಾರ ಓಡತೊಡಗಿತು.

"ಪಿಡಿಕ್ಕಾದೇ ಮಾ! ಓಡಲಿ ಬಿಡು!" ಎಂದು ಲಕ್ಷ್ಮಣನ್.

"ಬಿಡಬ್ಯಾಡ ಕಣೇ! ಇಡ್ಕೋ!" ಎಂದು ದಡದಿಂದ ಮುನಿವೆಂಕಟಮ್ಮ.

"ಎಡಕ್ಕೆ, ಶಶಿ! ಎಡಕ್ಕೆ! ಅಲ್ಲಿ ಬಂಡೆ ಐತೆ, ದಾರ ಉಜ್ಜುತ್ತೆ! ಕೋಲು ಮ್ಯಾಲಕ್ಕೆ! ಇನ್ನೂ ಮ್ಯಾಲಕ್ಕೆ!" ಈ ದನಿ ಯಾರದೆಂದು ಶಶಿಕಲಾ ತಿರುಗಿ ನೋಡಿದಳು. ಗಿರಿ ಪಂಚೆ ಎತ್ತಿಕಟ್ಟಿ ನೀರಿನಲ್ಲಿ ಓಡಿಬರುತ್ತಿದ್ದ. ಒಂದು ವಾರದ ಮಾತನ್ನು ಒಂದೇ ಉಸಿರಿಗೆ ಆಡಿ ಮುಗಿಸಿದವನು ಪಾಚಿಯ ಮೇಲೆ ಕಾಲಿಟ್ಟು ಧೊಪ್ಪನೆ ಕುಳಿತುಬಿಟ್ಟ. ಕತ್ತಿನವರೆಗೆ ನೀರು, ಪಂಚೆ ಕೊಡೆಯಂತೆ ಅವನ ಸುತ್ತ ಅರಳಿತು. ಕುಳಿತಲ್ಲಿಂದಲೇ ಅವನು "ಎಡಕ್ಕೆ!" ಎನ್ನುತ್ತಲೇ ಇದ್ದ.

ನಗು ಬಂತು. ಹೊಟ್ಟೆಯಿಂದ ಹೊರಟು ಭುಜಕ್ಕೆ ಏರಿ, ಕೈಗಿಳಿದು, ಕೋಲಿನ ತುದಿಯವರೆಗೆ ಹೋಯಿತು. "ಸಿರಿಕ್ಕಾದೇ! ನಗಬೇಡಮ್ಮಾ, ದಾರ ಸಡಿಲಾದ್ರೆ ಹೋಯ್ತು!" ಎಂದು ಲಕ್ಷ್ಮಣನ್ ಅಂಗಲಾಚಿದರು. ಶಶಿಕಲಾ ತುಟಿ ಕಚ್ಚಿದಳು, ಗಂಡನ ಕಡೆ ನೋಡುವುದನ್ನು ಬಿಟ್ಟಳು, ಕಣ್ಣೀರು ಸುರಿಸುತ್ತಾ ಎಡಕ್ಕೆ ಹೆಜ್ಜೆಯಿಟ್ಟಳು. ಮೀನು ಎಳೆದಾಗ ಬಿಟ್ಟಳು, ದಣಿದಾಗ ಸುತ್ತಿದಳು. ಮತ್ತೆ ಎಳೆಯಿತು, ಮತ್ತೆ ಬಿಟ್ಟಳು. ಎರಡು ವರ್ಷದ ಹಿಂದೆ ಒಂದು ಗಳಿಗೆ ಸುಮ್ಮನಿರಲಾರದಿದ್ದ ಕೈ ಈಗ ಕಾಲು ಗಂಟೆ ಕಾದಿತು.

ಕೊನೆಗೆ ಮೊಣಕೈಯುದ್ದದ ಗೆಂಡೆ ಅವಳ ಕಾಲ ಬಳಿ ಮಗ್ಗುಲಾಗಿ ಬಂತು. ಬಂಗಾರದ ಮೈ, ಪದರಪದರವಾದ ಹುರುಪೆ. ಮುನಿವೆಂಕಟಮ್ಮ ಮಗನ ಭುಜ ಹಿಡಿದು ನೀರಿಗಿಳಿದು ಬಂದರು. ಒಂದು ಬೆರಳು ಚಾಚಿ, ಹಿಂದೆಗೆದು, ಮತ್ತೆ ಚಾಚಿ ಮೀನಿನ ಬೆನ್ನು ಮುಟ್ಟಿದರು.

"ಅಯ್ಯ, ಈಗ ತಾನೇ ಮಗ್ಗದಿಂದ ಇಳಿಸ್ದಂಗೈತಲ್ಲೇ!"

ಶಶಿಕಲಾ ಗಾಳ ಬಿಡಿಸಿ, ಎರಡೂ ಅಂಗೈ ಮೇಲೆ ಅದನ್ನು ಹರಿವಿಗೆ ಎದುರಾಗಿ ಹಿಡಿದಳು. ಮೀನು ಸ್ವಲ್ಪ ಹೊತ್ತು ಅಲ್ಲೇ ಉಸಿರಾಡುತ್ತಾ ನಿಂತಿತು. ಆಮೇಲೆ ಬಾಲ ಒಮ್ಮೆ ಆಡಿತು. ಅವಳ ಅಂಗೈಯಲ್ಲಿ ನೀರಷ್ಟೇ ಉಳಿಯಿತು. ತಡೆದಿಟ್ಟ ನಗು ಆಗ ಕಟ್ಟೆಯೊಡೆಯಿತು. ಅವಳು ನಕ್ಕಳು, ಗಿರಿ ನಕ್ಕ, ಮುನಿವೆಂಕಟಮ್ಮ ಸೊಂಟ ಹಿಡಿದುಕೊಂಡು ನಕ್ಕರು. ನಾಲ್ಕು ಜನರೂ ಒದ್ದೆ ಬಟ್ಟೆಯಲ್ಲಿ ಬಂಡೆಯ ಮೇಲೆ ಕೂತು, ಎದುರಾಬದುರಾ ಮುಖ ನೋಡಿಕೊಂಡು ಮತ್ತೆ ಮತ್ತೆ ನಗುತ್ತಾ ಚಿತ್ರಾನ್ನ ತಿಂದರು.

ಸೋಮವಾರ ಅವಳ ಬಲಗೈ ಮೇಲಕ್ಕೆ ಏಳಲಿಲ್ಲ. ಲಾಳಿಯ ಹಗ್ಗ ಎಳೆಯಲು ಹೋದರೆ ಭುಜ ಅಯ್ಯೋ ಎಂದಿತು. ಗಿರಿ ತನ್ನ ಮಗ್ಗದಿಂದ ಕತ್ತೆತ್ತಿ, "ಇವತ್ತು ಬಿಡು," ಎಂದ. ಬಿಟ್ಟು ಏನು ಮಾಡುವುದು? ಅವಳು ಸ್ವಲ್ಪ ಹೊತ್ತು ಮಗ್ಗದ ಕುಣಿಯಲ್ಲಿ ಕಾಲು ಆಡಿಸುತ್ತಾ ಕೂತಳು. ಆಮೇಲೆ ಕೋಲು ತೆಗೆದುಕೊಂಡು ಮಾಳಿಗೆ ಹತ್ತಿ ಅದನ್ನು ಎಡಗೈಗೆ ಬದಲಾಯಿಸಿದಳು. ಹೊಸ ಕೈ, ಏನೂ ತಿಳಿಯದ ಕೈ. ಹಿಂದಕ್ಕೆ ಬೀಸಿದಳು, ನಿಂತಳು, ಮುಂದಕ್ಕೆ ಬಿಟ್ಟಳು. ಕುಚ್ಚು ಗೋಡೆ ದಾಟಿ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಹಾಲಿನ ಕುಪ್ಪಸ್ವಾಮಿಯ ಮುಚ್ಚಳವಿಲ್ಲದ ಕ್ಯಾನಿನೊಳಗೆ ಸರಿಯಾಗಿ ಇಳಿಯಿತು.